ವರ್ಡ್ ಫೈಲಿನಿಂದ ಚೊಕ್ಕ ಎಚ್‌ಟಿಎಂಎಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಶಾಲೆಗಳು, ಓದುಗರ ಬಳಗಗಳು, ತಮ್ಮೂರಿನ ಇತಿಹಾಸ ಬರೆದಿಟ್ಟ ಹಿರಿಯರು, ಹೀಗೆ ಹಲವರು ತಮ್ಮ ಬರಹವನ್ನು ವೆಬ್‌ಗೆ ಹಾಕಬೇಕು ಅಂತ ಕೇಳುತ್ತಾರೆ. ಹೆಚ್ಚಿನವರ ಕೈಯಲ್ಲಿ ಇರುವುದು ಒಂದು ವರ್ಡ್ ಫೈಲು. ಅದನ್ನು ಹಗುರವಾದ, ಮೊಬೈಲಿನಲ್ಲೂ ಹಿತವಾಗಿ ಓದಿಸಿಕೊಳ್ಳುವ ಪುಟವಾಗಿ ಮಾಡುವುದು ಹೇಗೆ ಅನ್ನುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೋಡ್ ಬರೆಯಲು ಬರದವರು ಹಿಂಜರಿಯಬೇಕಿಲ್ಲ. ಕೆಲಸದ ದೊಡ್ಡ ಪಾಲು ನಡೆಯುವುದು ವರ್ಡ್ ಒಳಗೇ.

## ಚೊಕ್ಕ ಎಚ್‌ಟಿಎಂಎಲ್ ಅಂದರೆ ಏನು?

ಎಚ್‌ಟಿಎಂಎಲ್ ಅಂದರೆ ವೆಬ್ ಪುಟಗಳನ್ನು ಬರೆಯುವ ಸಂಕೇತಭಾಷೆ. ಬರಹದ ಯಾವ ಭಾಗ ಏನು ಅನ್ನುವುದನ್ನು ಮಾತ್ರ ಹೇಳಿದರೆ ಅದು ಚೊಕ್ಕ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ, ಇದು ಬೇರೆಯವರ ಮಾತು, ಇದು ಲಿಂಕ್. ಅಷ್ಟೇ. ಅಕ್ಷರ ಎಷ್ಟು ದೊಡ್ಡದು, ಬಣ್ಣ ಯಾವುದು, ಎಡಕ್ಕೆ ಎಷ್ಟು ಜಾಗ ಬಿಡಬೇಕು ಅನ್ನುವ ವಿವರ ಅದರೊಳಗೆ ಇರಬಾರದು. ಅದಕ್ಕೆಂದೇ ಸಿಎಸ್‌ಎಸ್ ಅನ್ನುವ ಬೇರೆ ಫೈಲು ಇದೆ.

ಈ ಭಾಗಗಳನ್ನು ಗುರುತಿಸುವ ಸಂಕೇತಗಳಿಗೆ ಟ್ಯಾಗು ಅನ್ನುತ್ತಾರೆ. ಮಾಮೂಲಿ ಲೇಖನಕ್ಕೆ ಬೇಕಾಗುವ ಟ್ಯಾಗುಗಳು ಬಹಳ ಕಮ್ಮಿ. ಶೀರ್ಷಿಕೆಗಳಿಗೆ ಎಚ್1, ಎಚ್2, ಎಚ್3. ಪ್ಯಾರಾಕ್ಕೆ ಪಿ. ಪಟ್ಟಿಗೆ ಯುಎಲ್ ಅಥವಾ ಓಎಲ್, ಅದರೊಳಗಿನ ಒಂದೊಂದು ಅಂಶಕ್ಕೆ ಎಲ್‌ಐ. ಉದ್ಧರಿಸಿದ ಮಾತಿಗೆ ಬ್ಲಾಕ್‌ಕೋಟ್. ಒತ್ತಿ ಹೇಳಲು ಸ್ಟ್ರಾಂಗ್. ಲಿಂಕಿಗೆ ಎ, ಚಿತ್ರಕ್ಕೆ ಐಎಂಜಿ, ಕೋಷ್ಟಕ ಇದ್ದರೆ ಟೇಬಲ್. ನಿಮ್ಮ ಪುಟದ ಮೂಲ ತೆರೆದಾಗ ಸಾಲು ಸಾಲಿಗೂ ರೂಪದ ವಿವರ ಹೊತ್ತ ಸ್ಪ್ಯಾನ್, ಫಾಂಟ್, ಸ್ಟೈಲ್ ಅಂತಲೇ ಕಾಣುತ್ತಿದ್ದರೆ ಅದು ಇನ್ನೂ ಚೊಕ್ಕ ಆಗಿಲ್ಲ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. ನಾಳೆ ನಿಮ್ಮ ವೆಬ್‌ಸೈಟಿನ ರೂಪ ಬದಲಾಗಬಹುದು, ಬರಹ ಬೇರೆ ಕಡೆಗೆ ಹೋಗಬಹುದು, ಇ-ಪುಸ್ತಕ ಆಗಬಹುದು. ಕಣ್ಣು ಕಾಣದ ಓದುಗರು ಸ್ಕ್ರೀನ್ ರೀಡರ್‌ನಲ್ಲಿ, ಅಂದರೆ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್‌ನಲ್ಲಿ, ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಿ ಓದುತ್ತಾರೆ. ಶೀರ್ಷಿಕೆ ಬರೀ ದಪ್ಪಕ್ಷರದ ಪ್ಯಾರಾ ಆಗಿದ್ದರೆ ಅವರಿಗೆ ಅದು ಸಿಗುವುದೇ ಇಲ್ಲ.

## ವರ್ಡ್‌ನಲ್ಲೇ 'ವೆಬ್ ಪೇಜ್' ಆಗಿ ಸೇವ್ ಮಾಡಬಹುದಲ್ಲ, ಅದು ಸಾಲದೇ?

ಸಾಲದು. ಆ ಸೌಲಭ್ಯದ ಉದ್ದೇಶವೇ ಬೇರೆ. ಎಚ್‌ಟಿಎಂಎಲ್ ಆಗಿ ಉಳಿಸಿದ ಫೈಲನ್ನು ಮತ್ತೆ ವರ್ಡ್‌ನಲ್ಲಿ ತೆರೆದರೆ ಮೊದಲಿನ ಹಾಗೇ ಕಾಣಬೇಕು ಅಂತ ಅದನ್ನು ಮಾಡಿದ್ದಾರೆ. ಹಾಗಾಗಿ ಪುಟದ ಅಂಚು, ಫಾಂಟುಗಳ ಪಟ್ಟಿ, ವರ್ಡ್‌ಗೆ ಮಾತ್ರ ಅರ್ಥವಾಗುವ ನೂರೆಂಟು ಸೂಚನೆ, ಬರೆದವರ ಹೆಸರು ಎಲ್ಲವೂ ಅದರೊಳಗೆ ಸೇರುತ್ತವೆ.

'ವೆಬ್ ಪೇಜ್, ಫಿಲ್ಟರ್ಡ್' ಅನ್ನುವ ಇನ್ನೊಂದು ಆಯ್ಕೆ ಸ್ವಲ್ಪ ವಾಸಿ. ಅದು ವರ್ಡ್‌ನ ಸ್ವಂತ ಸೂಚನೆಗಳನ್ನು ತೆಗೆಯುತ್ತದೆ. ಆದರೂ ಪ್ರತಿ ಪ್ಯಾರಾಕ್ಕೂ 'ಎಂಎಸ್‌ಒ ನಾರ್ಮಲ್' ಅನ್ನುವ ಕ್ಲಾಸ್ (ರೂಪ ಸೂಚಿಸುವ ಹೆಸರು) ಉಳಿಯುತ್ತದೆ, ಒಳಗೆ ಸ್ಪ್ಯಾನ್‌ಗಳು ಉಳಿಯುತ್ತವೆ. ಕನ್ನಡಕ್ಕೆ ಈ ಕಾಟ ಜಾಸ್ತಿ. ವರ್ಡ್ ಕನ್ನಡ ಅಕ್ಷರಕ್ಕೆ ಒಂದು ಫಾಂಟು, ಇಂಗ್ಲಿಷ್ ಅಕ್ಷರಕ್ಕೆ ಇನ್ನೊಂದು ಫಾಂಟು ಅಂತ ಇಟ್ಟುಕೊಳ್ಳುತ್ತದೆ. ನಡುವೆ ಒಂದು ಇಸವಿ ಬಂದರೂ ಸಾಕು, ಒಂದೇ ವಾಕ್ಯ ಮೂರು ನಾಲ್ಕು ತುಂಡಾಗಿ, ಪ್ರತಿ ತುಂಡಿಗೂ ಒಂದು ಸ್ಪ್ಯಾನ್ ಸುತ್ತಿಕೊಳ್ಳಬಹುದು.

ಇನ್ನೊಂದು ತೊಂದರೆ ಎನ್‌ಕೋಡಿಂಗ್‌ನದು, ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ಸಂಖ್ಯೆಗಳಾಗಿ ಉಳಿಸಿಡುವ ಕ್ರಮದ್ದು. ಎಷ್ಟೋ ಸಲ ವರ್ಡ್ ಹಳೆಯ ವಿಂಡೋಸ್ ಎನ್‌ಕೋಡಿಂಗ್‌ನಲ್ಲಿ ಉಳಿಸುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗ ಇಲ್ಲ. ಹಾಗಾಗಿ ಒಂದೊಂದು ಅಕ್ಷರವೂ ಒಂದೊಂದು ಸಂಖ್ಯೆಯ ಸಂಕೇತ ಆಗುತ್ತದೆ. 'ಕ' ಅನ್ನುವುದು 3221 ಆಗಿ, ಅದರ ಹಿಂದೆ ಮುಂದೆ ಮೂರು ಗುರುತು ಸೇರಿ ಏಳು ಬೈಟ್ ಹಿಡಿಯುತ್ತದೆ. ಎಲ್ಲ ಭಾಷೆಗೂ ಜಾಗ ಇರುವ ಯುಟಿಎಫ್-8 ಅನ್ನುವ ಎನ್‌ಕೋಡಿಂಗ್‌ನಲ್ಲಿ ಅದಕ್ಕೆ ಮೂರೇ ಬೈಟ್ ಸಾಕು. 'ಮೈಸೂರು' ಅನ್ನುವ ಪದ ಗುಣಿತದ ಚಿಹ್ನೆಗಳೂ ಸೇರಿ ಆರು ಸಂಕೇತ. ಯುಟಿಎಫ್-8ನಲ್ಲಿ 18 ಬೈಟ್, ಸಂಖ್ಯೆಯ ರೂಪದಲ್ಲಿ 42. ಗಾತ್ರ ಹೋಗಲಿ, ಆ ಫೈಲನ್ನು ತೆರೆದು ಕಾಗುಣಿತ ತಿದ್ದಬೇಕಾದವರಿಗೆ ಅಲ್ಲಿ ಕನ್ನಡವೇ ಕಾಣುವುದಿಲ್ಲ. ಈ ದಾರಿಯಲ್ಲೇ ಹೋಗಬೇಕಾಗಿ ಬಂದರೆ ಸೇವ್ ಮಾಡುವ ಕಿಟಕಿಯಲ್ಲಿ 'ಟೂಲ್ಸ್', ಅದರೊಳಗೆ 'ವೆಬ್ ಆಪ್ಷನ್ಸ್', ಅದರಲ್ಲಿ 'ಎನ್‌ಕೋಡಿಂಗ್' ತೆರೆದು ಯುಟಿಎಫ್-8 ಆರಿಸಿ.

## ನನ್ನ ಫೈಲು ನುಡಿಯಲ್ಲಿದೆ. ಎಚ್‌ಟಿಎಂಎಲ್ ಮಾಡಿದರೆ ಏನೇನೋ ಅಕ್ಷರ ಬರುತ್ತಿವೆ. ಯಾಕೆ?

ಇಲ್ಲಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇದರಲ್ಲೇ. ಮಿಕ್ಕ ಯಾವ ಕೆಲಸಕ್ಕೂ ಮೊದಲು ಇದನ್ನು ಬಗೆಹರಿಸಬೇಕು.

ನುಡಿ, ಬರಹ, ಶ್ರೀಲಿಪಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ನಿಜವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳ ಸಂಕೇತ. ಫಾಂಟು ಮಾತ್ರ ಅವುಗಳಿಗೆ ಕನ್ನಡದ ಆಕಾರ ಕೊಡುತ್ತದೆ. ಚೊಕ್ಕ ಎಚ್‌ಟಿಎಂಎಲ್ ಮಾಡುವಾಗ ನಾವು ತೆಗೆದುಹಾಕುವುದು ಫಾಂಟಿನ ಮಾಹಿತಿಯನ್ನೇ ಅಲ್ವಾ? ಅದು ಹೋದ ಕೂಡಲೇ ಕನ್ನಡವೂ ಹೋಗುತ್ತದೆ. ಉಳಿಯುವುದು ಯಾರಿಗೂ ಓದಲಾಗದ ಗುರುತುಗಳ ಸಾಲು.

ನಿಮ್ಮ ಫೈಲು ಯಾವ ಬಗೆಯದು ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಫೈಲಿನ ಒಂದು ಪ್ರತಿ ಮಾಡಿಕೊಂಡು, ಒಂದು ಪ್ಯಾರಾ ಆಯ್ದು, ಫಾಂಟನ್ನು ವಿಂಡೋಸ್‌ನ ನಿರ್ಮಲ ಯುಐಗೆ ಬದಲಿಸಿ. ಕನ್ನಡವಾಗೇ ಉಳಿದರೆ ಅದು ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ವ್ಯವಸ್ಥೆ. ವಿಚಿತ್ರ ಅಕ್ಷರಗಳಾದರೆ ಹಳೆಯ ಸಂಕೇತ. ಫಾಂಟಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಯಾಕಂದ್ರೆ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಫಾಂಟುಗಳಿವೆ.

ಹಳೆಯ ಸಂಕೇತವಾದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ನುಡಿ, ಬರಹ ಎರಡರಲ್ಲೂ ಅದಕ್ಕೆ ಸೌಲಭ್ಯ ಇದೆ, ಇಂಟರ್‌ನೆಟ್‌ನಲ್ಲೂ ಉಚಿತ ಪರಿವರ್ತಕಗಳು ಸಿಗುತ್ತವೆ. ಆದರೆ ಒಂದು ಎಚ್ಚರ. ಹೆಚ್ಚಿನ ಪರಿವರ್ತಕಗಳು ಫಾಂಟು ನೋಡುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕನ್ನಡ ಅಂತಲೇ ತಿಳಿಯುತ್ತವೆ. ಹಾಗಾಗಿ ನಡುವೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಹೆಸರು, ಇಮೇಲ್ ವಿಳಾಸ, ಸಸ್ಯದ ವೈಜ್ಞಾನಿಕ ಹೆಸರು ಇದ್ದರೆ ಅವೂ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ. ಮಂಡ್ಯದ ಕಬ್ಬು, ಭತ್ತದ ತಳಿಗಳ ಬಗ್ಗೆ ಬರೆದ ಲೇಖನದಲ್ಲಿ ತಳಿಯ ಹೆಸರೇ ಕೆಟ್ಟರೆ ಏನು ಉಳಿಯಿತು? ಇಂಥ ಭಾಗಗಳನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ವರ್ಡ್‌ನ 'ಫೈಂಡ್' ಕಿಟಕಿಯಲ್ಲಿ ಫಾಂಟಿನ ಹೆಸರು ಕೊಟ್ಟು ಹುಡುಕಬಹುದು. ಯಾವ ಭಾಗ ಯಾವ ಫಾಂಟಿನಲ್ಲಿದೆ ಅಂತ ಅದು ತೋರಿಸುತ್ತದೆ.

ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್‌ನಲ್ಲಿ ಮಾಡಿಸಿದ ಸ್ಮರಣ ಸಂಚಿಕೆ ಆದರೆ ಅಲ್ಲಿಂದ ಪಠ್ಯವನ್ನು ಹೊರತೆಗೆದು ಇದೇ ರೀತಿ ಬದಲಿಸಬೇಕು. ಮುದ್ರಣಕ್ಕೆ ಕೊಟ್ಟ ಪಿಡಿಎಫ್ ಸಿಕ್ಕರೆ ಜೋಪಾನವಾಗಿ ಇಟ್ಟುಕೊಳ್ಳಿ. ಹೋಲಿಸಿ ನೋಡಲು ಅದೇ ಆಧಾರ.

## ಯೂನಿಕೋಡ್‌ಗೆ ಬದಲಿಸಿದ ಮೇಲೆ ಯಾವ ತಪ್ಪುಗಳನ್ನು ಹುಡುಕಬೇಕು?

ಅರ್ಕಾವತ್ತು ಮೊದಲು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ 'ರ್' ಮೊದಲು ಬರುತ್ತದೆ. 'ಕರ್ನಾಟಕ', 'ಸೂರ್ಯ', 'ವರ್ಷ' ಇಂಥ ಪದಗಳನ್ನು ನೋಡಿ. ಎರಡು ಒತ್ತಿರುವ 'ರಾಷ್ಟ್ರ', 'ಶಾಸ್ತ್ರ' ನೋಡಿ.

ಆಮೇಲೆ ದೀರ್ಘ. 'ಕೀ', 'ಕೇ', 'ಕೋ' ಇವುಗಳ ದೀರ್ಘ ಚಿಹ್ನೆ ಕೆಲವು ಸಲ ಬೇರೆಯಾಗಿ ಉಳಿಯುತ್ತದೆ. ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಆದರೆ ಪುಟದಲ್ಲಿ ಹುಡುಕಿದರೆ ಪದ ಸಿಗದೇ ಹೋಗಬಹುದು. ಯೂನಿಕೋಡ್‌ನಲ್ಲಿ ಎನ್‌ಎಫ್‌ಸಿ ಅನ್ನುವ ಕ್ರಮ ಇದೆ. ಅದು ಇಂಥ ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದೇ ಸಂಕೇತ ಮಾಡುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಒಂದು ಸಾಲಿನಲ್ಲಿ ಮಾಡಿಕೊಡುತ್ತಾರೆ.

## ಎಚ್‌ಟಿಎಂಎಲ್ ಮಾಡುವ ಮುಂಚೆ ವರ್ಡ್‌ನಲ್ಲಿ ಏನೇನು ಸರಿಪಡಿಸಬೇಕು?

ಕಂಟ್ರೋಲ್-ಶಿಫ್ಟ್-8 ಒತ್ತಿ. ಪ್ಯಾರಾ ಮುಗಿಯುವ ಗುರುತು, ಸ್ಪೇಸ್, ಟ್ಯಾಬ್ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಜಾಗ ಬಿಡಲು ಒತ್ತಿದ ಖಾಲಿ ಎಂಟರ್‌ಗಳು, ಮಧ್ಯಕ್ಕೆ ತರಲು ಹೊಡೆದ ಹತ್ತಾರು ಸ್ಪೇಸ್‌ಗಳು ಅಲ್ಲೇ ಗೊತ್ತಾಗುತ್ತವೆ. 'ಫೈಂಡ್ ಅಂಡ್ ರಿಪ್ಲೇಸ್'ನಲ್ಲಿ ಎರಡು ಪ್ಯಾರಾ ಗುರುತು ಹುಡುಕಿ ಒಂದಕ್ಕೆ ಬದಲಿಸಿ. ಬದಲಿಸಲು ಇನ್ನೇನೂ ಉಳಿಯದ ತನಕ ಅದನ್ನೇ ಮತ್ತೆ ಮತ್ತೆ ಮಾಡಿ.

ಶೀರ್ಷಿಕೆಗಳದ್ದು ಮುಖ್ಯ ಕೆಲಸ. ಬಹಳ ಜನ ಶೀರ್ಷಿಕೆಯನ್ನು ದಪ್ಪ ಮಾಡಿ, ಗಾತ್ರ 16ಕ್ಕೆ ಏರಿಸಿ ಬಿಡುತ್ತಾರೆ. ಓದುವವರಿಗೆ ಅದು ಶೀರ್ಷಿಕೆ, ಕಂಪ್ಯೂಟರಿಗೆ ದಪ್ಪಗಿರುವ ಪ್ಯಾರಾ. 'ಹೆಡಿಂಗ್ 1', 'ಹೆಡಿಂಗ್ 2' ಅನ್ನುವ ಸ್ಟೈಲುಗಳನ್ನೇ ಹಾಕಿ. ಕಂಟ್ರೋಲ್-ಆಲ್ಟ್ ಹಿಡಿದು 1, 2, 3 ಒತ್ತಿದರೆ ಅವು ಬರುತ್ತವೆ. ಉದ್ದದ ಫೈಲಾದರೆ ಒಂದೊಂದಾಗಿ ಮಾಡಬೇಕಿಲ್ಲ. ಒಂದು ಶೀರ್ಷಿಕೆಯ ಮೇಲೆ ಕರ್ಸರ್ ಇಟ್ಟು, ಹೋಮ್ ಪಟ್ಟಿಯ 'ಸೆಲೆಕ್ಟ್' ಒಳಗೆ 'ಒಂದೇ ಬಗೆಯ ಫಾರ್ಮ್ಯಾಟಿಂಗ್ ಇರುವ ಪಠ್ಯ ಆಯ್ದುಕೊಳ್ಳುವ' ಆಯ್ಕೆ ಇದೆ, ಅದನ್ನು ಒತ್ತಿ. ಎಲ್ಲ ಶೀರ್ಷಿಕೆಗಳೂ ಒಟ್ಟಿಗೆ ಸಿಗುತ್ತವೆ. ಒಂದೇ ಸಲಕ್ಕೆ ಸ್ಟೈಲು ಹಾಕಬಹುದು. ಗಂಟೆಗಟ್ಟಲೆ ಕೆಲಸ ಉಳಿಸುವ ಸೌಲಭ್ಯ ಇದು, ಆದರೆ ಬಳಸುವವರು ಕಡಿಮೆ.

ಪಟ್ಟಿಗಳಲ್ಲಿ ಕೈಯಿಂದ ಬರೆದ 1, 2, 3 ತೆಗೆದು ವರ್ಡ್‌ನ ನಿಜವಾದ ಪಟ್ಟಿ ಮಾಡಿ. ಕ್ರಮಸಂಖ್ಯೆ ೧, ೨, ೩ ಅಂತ ಕನ್ನಡದಲ್ಲೇ ಬೇಕು ಅನ್ನುವವರಿಗೂ ದಾರಿ ಇದೆ. ಸಿಎಸ್‌ಎಸ್‌ನಲ್ಲಿ ಪಟ್ಟಿಯ ಅಂಕಿಯ ಬಗೆಗೆ 'ಕನ್ನಡ' ಅನ್ನುವ ಬೆಲೆ ಸಿದ್ಧವಾಗಿಯೇ ಇದೆ.

ಟೆಕ್ಸ್ಟ್ ಬಾಕ್ಸ್‌ಗಳನ್ನು ಒಡೆದು ಒಳಗಿನ ಮಾತನ್ನು ಮಾಮೂಲಿ ಪ್ಯಾರಾ ಮಾಡಿ. ಪರಿವರ್ತನೆಯಲ್ಲಿ ಅವು ಕಾಣೆಯಾಗಬಹುದು, ಇಲ್ಲವೇ ಎಲ್ಲೋ ಹೋಗಿ ಕೂರಬಹುದು. ಪರಿವಿಡಿ, ಪುಟಸಂಖ್ಯೆ ವೆಬ್‌ಗೆ ಬೇಡ, ತೆಗೆದುಹಾಕಿ. ಟ್ರ್ಯಾಕ್ ಚೇಂಜಸ್ ಇದ್ದರೆ ಎಲ್ಲವನ್ನೂ ಒಪ್ಪಿ ಮುಗಿಸಿ, ಕಾಮೆಂಟುಗಳನ್ನು ಅಳಿಸಿ. ಸಂಪಾದಕರು ಲೇಖಕರಿಗೆ ಬರೆದ ಖಾಸಗಿ ಮಾತು ಊರಿಗೆಲ್ಲ ಕಾಣುವುದು ಬೇಡ. 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್' ಅನ್ನುವ ಸೌಲಭ್ಯ ಇಂಥದ್ದನ್ನು ಹುಡುಕಿಕೊಡುತ್ತದೆ.

## ಪದ್ಯ, ವಚನ, ಜನಪದ ಗೀತೆ ಇದ್ದರೆ?

ಪ್ರತಿ ಸಾಲಿಗೂ ಎಂಟರ್ ಒತ್ತಿದರೆ ಪ್ರತಿ ಸಾಲೂ ಒಂದು ಪ್ಯಾರಾ ಆಗುತ್ತದೆ, ವೆಬ್‌ನಲ್ಲಿ ಸಾಲುಗಳ ನಡುವೆ ದೊಡ್ಡ ಅಂತರ ಬೀಳುತ್ತದೆ. ಒಂದು ನುಡಿಯ ಒಳಗಿನ ಸಾಲುಗಳಿಗೆ ಶಿಫ್ಟ್-ಎಂಟರ್ ಒತ್ತಿ, ನುಡಿ ಮುಗಿದಾಗ ಮಾತ್ರ ಎಂಟರ್ ಒತ್ತಿ. ಆಗ ಇಡೀ ನುಡಿ ಒಂದು ಪಿ ಟ್ಯಾಗ್, ಒಳಗಿನ ಸಾಲುಗಳಿಗೆ ಸಾಲು ಮುರಿಯುವ ಬಿಆರ್ ಟ್ಯಾಗ್. ಪಲ್ಲವಿಗೆ, ವಚನಕ್ಕೆ ಬೇರೆ ರೂಪ ಬೇಕಾದರೆ ವರ್ಡ್‌ನಲ್ಲಿ ಆ ಹೆಸರಿನ ಹೊಸ ಸ್ಟೈಲ್ ಮಾಡಿಕೊಳ್ಳಿ. ಅದನ್ನು ಯಾವ ಟ್ಯಾಗ್ ಮಾಡಬೇಕು ಅಂತ ಮುಂದೆ ಹೇಳಿಕೊಡಬಹುದು.

## ಯಾವ ಸಾಫ್ಟ್‌ವೇರ್ ಬಳಸಬೇಕು?

ನನ್ನ ಮೊದಲ ಆಯ್ಕೆ ಪ್ಯಾಂಡಾಕ್, ಒಂದು ಬಗೆಯ ಫೈಲನ್ನು ಇನ್ನೊಂದು ಬಗೆಗೆ ಬದಲಿಸುವ ಸಾಫ್ಟ್‌ವೇರ್. ಉಚಿತ, ಮುಕ್ತ ತಂತ್ರಾಂಶ. ಇದನ್ನು ಬರೆದವರು ಜಾನ್ ಮ್ಯಾಕ್‌ಫರ್ಲೇನ್, ಅಮೆರಿಕದ ಬರ್ಕ್ಲಿಯಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು. 2006ರಲ್ಲಿ ಹೊರಬಂದು ಇಂದಿಗೂ ಬೆಳೆಯುತ್ತಲೇ ಇದೆ. ಕಮಾಂಡ್ ಲೈನ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಪ್ಯಾಂಡಾಕ್ ಅಂತ ಬರೆದು, ಮೂಲ ಫೈಲಿನ ಹೆಸರು, ಆಮೇಲೆ -o, ಆಮೇಲೆ ಬೇಕಾದ ಎಚ್‌ಟಿಎಂಎಲ್ ಫೈಲಿನ ಹೆಸರು ಕೊಟ್ಟರೆ ಕೆಲಸ ಮುಗಿಯಿತು. 'ಎಕ್ಸ್‌ಟ್ರಾಕ್ಟ್ ಮೀಡಿಯಾ' ಆಯ್ಕೆ ಸೇರಿಸಿದರೆ ಚಿತ್ರಗಳನ್ನು ಬೇರೆ ಫೋಲ್ಡರಿಗೆ ತೆಗೆದಿಡುತ್ತದೆ. ಫಾಂಟು, ಬಣ್ಣ, ಗಾತ್ರಗಳನ್ನು ಅದು ತಾನಾಗಿಯೇ ಬಿಟ್ಟುಬಿಡುತ್ತದೆ. ನಮಗೆ ಬೇಕಾದದ್ದೂ ಅದೇ.

ಎರಡನೆಯದು ಮ್ಯಾಮತ್. ವರ್ಡ್‌ನ ಸ್ಟೈಲುಗಳನ್ನು ಯಾವ ಟ್ಯಾಗಿಗೆ ಹೊಂದಿಸಬೇಕು ಅಂತ ಪಟ್ಟಿ ಕೊಡಲು ಇದರಲ್ಲಿ ಒಳ್ಳೆಯ ವ್ಯವಸ್ಥೆ ಇದೆ. 'ವಚನ' ಅನ್ನುವ ಸ್ಟೈಲ್ ಬ್ಲಾಕ್‌ಕೋಟ್ ಆಗಲಿ ಅಂದರೆ ಆಗುತ್ತದೆ. ತನಗೆ ಗೊತ್ತಿಲ್ಲದ ಸ್ಟೈಲ್ ಕಂಡರೆ ಸುಮ್ಮನೆ ನುಂಗದೆ ಎಚ್ಚರಿಕೆ ಕೊಡುತ್ತದೆ. ಒಂದೇ ನಮೂನೆಯ ನೂರಾರು ಫೈಲು ಇರುವ ಪತ್ರಿಕೆಗೆ ಇದು ಚೆನ್ನಾಗಿ ಒದಗುತ್ತದೆ. ಆದರೆ ಬೇರೆ ಏನೂ ಹೇಳದಿದ್ದರೆ ಇದು ಚಿತ್ರಗಳನ್ನು ಎಚ್‌ಟಿಎಂಎಲ್ ಒಳಗೇ ತುರುಕುತ್ತದೆ. ಫೈಲು ಭಾರಿ ದೊಡ್ಡದಾಗುತ್ತದೆ. ಆ ಆಯ್ಕೆ ಬದಲಿಸಿಕೊಳ್ಳಿ.

ಎರಡೂ ಓದುವುದು ವರ್ಡ್ 2007ರಿಂದ ಬಂದ ಡಾಕ್ಸ್ ಫೈಲುಗಳನ್ನು. ಅದಕ್ಕೂ ಹಳೆಯ ಡಾಕ್ ಫೈಲಾದರೆ ವರ್ಡ್‌ನಲ್ಲೋ ಲಿಬ್ರೆಆಫೀಸ್‌ನಲ್ಲೋ ತೆರೆದು ಡಾಕ್ಸ್ ಆಗಿ ಉಳಿಸಿ. ಲಿಬ್ರೆಆಫೀಸ್ ಈ ಕೆಲಸಕ್ಕೆ ಒಳ್ಳೆಯದು, ಆದರೆ ಅದರಿಂದಲೇ ನೇರವಾಗಿ ಎಚ್‌ಟಿಎಂಎಲ್ ಮಾಡಿಸಬೇಡಿ. ಅದೂ ಫಾಂಟ್ ಟ್ಯಾಗ್, ಸ್ಟೈಲ್‌ಗಳನ್ನು ಸೇರಿಸುತ್ತದೆ.

ಆಗಲೇ ವರ್ಡ್‌ನಿಂದ ಎಚ್‌ಟಿಎಂಎಲ್ ಆಗಿಹೋಗಿದೆ, ಮೂಲ ಫೈಲು ಕಳೆದಿದೆ ಅನ್ನುವವರಿಗೆ ಎಚ್‌ಟಿಎಂಎಲ್ ಟೈಡಿ ಇದೆ. ಡೇವ್ ರ‍್ಯಾಗೆಟ್ ಶುರು ಮಾಡಿದ ಹಳೆಯ, ನಂಬಬಹುದಾದ ಉಪಕರಣ. ವರ್ಡ್ 2000ದ ಕಸ ತೆಗೆಯಲೆಂದೇ ಅದರಲ್ಲಿ ಒಂದು ಆಯ್ಕೆ ಇದೆ.

## ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದೇವೆ. ಅದಕ್ಕೂ ಇದೇ ದಾರಿಯೇ?

ಹೌದು. ಡಾಕ್ಸ್ ಫೈಲಾಗಿ ಇಳಿಸಿಕೊಂಡು ಪ್ಯಾಂಡಾಕ್‌ಗೆ ಕೊಡಿ. ಗೂಗಲ್ ಕೊಡುವ ಎಚ್‌ಟಿಎಂಎಲ್‌ನಲ್ಲಿ ಸಿ1, ಸಿ2 ಅನ್ನುವ ಅರ್ಥವಿಲ್ಲದ ಕ್ಲಾಸುಗಳು ತುಂಬಿರುತ್ತವೆ. ಲಿಂಕುಗಳೂ ನೇರವಾಗಿರುವುದಿಲ್ಲ, ಗೂಗಲ್ ವಿಳಾಸದ ಮೂಲಕ ಸುತ್ತಿ ಹೋಗುತ್ತವೆ. 2024ರಿಂದ ಮಾರ್ಕ್‌ಡೌನ್ ಅನ್ನುವ ಸರಳ ಪಠ್ಯರೂಪದಲ್ಲಿಯೂ ಇಳಿಸಿಕೊಳ್ಳಬಹುದು. ಸರಳ ಲೇಖನಕ್ಕೆ ಅದೂ ಸಾಕು.

## ವೆಬ್‌ಸೈಟಿನ ಎಡಿಟರ್‌ಗೆ ನೇರ ಕಾಪಿ-ಪೇಸ್ಟ್ ಮಾಡಿದರೆ ಏನಾಗುತ್ತದೆ?

ಎಡಿಟರ್ ಮೇಲೆ ಹೋಗುತ್ತದೆ. ವರ್ಡ್‌ಪ್ರೆಸ್‌ನ ಈಗಿನ ಎಡಿಟರ್ ಪೇಸ್ಟ್ ಮಾಡಿದ್ದನ್ನು ಬಹುಮಟ್ಟಿಗೆ ಶುಚಿ ಮಾಡಿಕೊಳ್ಳುತ್ತದೆ. ಮಿಕ್ಕ ಎಷ್ಟೋ ಎಡಿಟರ್‌ಗಳು ಮಾಡುವುದಿಲ್ಲ. ಕಂಟ್ರೋಲ್-ಶಿಫ್ಟ್-ವಿ ಒತ್ತಿದರೆ ಬರೀ ಪಠ್ಯ ಬರುತ್ತದೆ, ಕಸ ಇಲ್ಲ. ಆದರೆ ಶೀರ್ಷಿಕೆ, ಲಿಂಕು, ಅಡಿಟಿಪ್ಪಣಿ ಯಾವುದೂ ಉಳಿಯುವುದಿಲ್ಲ. ಎರಡು ಪ್ಯಾರಾದ ಸೂಚನೆಗೆ ಸರಿ. ಮೂವತ್ತು ಪುಟದ ಪ್ರಬಂಧಕ್ಕೆ ಬೇಡ.

## ಶುಚಿ ಮಾಡುವ ಸ್ಕ್ರಿಪ್ಟ್ ಓಡಿಸಿದ ಮೇಲೆ ಕೆಲವು ಪದಗಳ ರೂಪವೇ ಬದಲಾಯಿತು. ಯಾಕೆ?

ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸ್ಕ್ರಿಪ್ಟ್, ಅಂದರೆ ಕಸ ತೆಗೆಯಲು ಬರೆದ ಪುಟ್ಟ ಪ್ರೋಗ್ರಾಂ, ಅಳಿಸಿದೆ. 'ಸಾಫ್ಟ್‌ವೇರ್' ಬರೆಯುವಾಗ 'ಟ್' ಆದ ಮೇಲೆ ಒಂದು ಗುರುತು ಇರುತ್ತದೆ. ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. 'ಮುಂದಿನ ಅಕ್ಷರವನ್ನು ಒತ್ತು ಮಾಡಬೇಡ' ಅಂತ ಹೇಳುವುದು ಅದರ ಕೆಲಸ. ಅದು ಹೋದರೆ 'ಸಾಫ್ಟ್ವೇರ್' ಆಗುತ್ತದೆ, 'ರಾಜ್‌ಕುಮಾರ್' ಹೋಗಿ 'ರಾಜ್ಕುಮಾರ್' ಆಗುತ್ತದೆ. ಅದೇ ರೀತಿ 'ರ‍್ಯಾಂಕ್' ಬರೆಯಲು ಜೀರೋ ವಿಡ್ತ್ ಜಾಯ್ನರ್ ಬೇಕು. ಇಲ್ಲವಾದರೆ ಅಲ್ಲಿ ಅರ್ಕಾವತ್ತು ಬಂದು 'ರ್ಯಾಂಕ್' ಅಂತ ಕಾಣುತ್ತದೆ.

ಇಂಗ್ಲಿಷಿಗೆಂದು ಬರೆದ ಶುಚಿ ಮಾಡುವ ಸ್ಕ್ರಿಪ್ಟುಗಳು ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಕಸ ಅಂತ ತಿಳಿದು ಅಳಿಸುತ್ತವೆ. ಯೂನಿಕೋಡ್‌ನ 200ಸಿ ಮತ್ತು 200ಡಿ ಸಂಕೇತಗಳನ್ನು ಮುಟ್ಟಬೇಡಿ ಅಂತ ಕೆಲಸ ಮಾಡುವವರಿಗೆ ಸ್ಪಷ್ಟವಾಗಿ ಹೇಳಿ. ತೆಗೆಯಬಹುದಾದದ್ದು ನಾನ್ ಬ್ರೇಕಿಂಗ್ ಸ್ಪೇಸ್, ಅಂದರೆ ಆ ಜಾಗದಲ್ಲಿ ಸಾಲು ಮುರಿಯಲು ಬಿಡದ ಸ್ಪೇಸ್. ಅದನ್ನು ಮಾಮೂಲಿ ಸ್ಪೇಸ್ ಮಾಡಿ. ಕನ್ನಡದ ಉದ್ದುದ್ದ ಪದಗಳ ನಡುವೆ ಅದು ಉಳಿದರೆ ಮೊಬೈಲಿನಲ್ಲಿ ಸಾಲು ಮುರಿಯದೆ ಪುಟದ ಆಚೆಗೆ ಹೋಗುತ್ತದೆ.

## ಚಿತ್ರಗಳನ್ನು ಹೊರತೆಗೆಯುವುದು ಹೇಗೆ?

ಡಾಕ್ಸ್ ಫೈಲು ನಿಜವಾಗಿ ಒಂದು ಜಿಪ್ ಫೈಲು. ಒಂದು ಪ್ರತಿ ಮಾಡಿ ಅದರ ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಿಸಿ ಬಿಚ್ಚಿದರೆ, 'ವರ್ಡ್' ಫೋಲ್ಡರಿನ ಒಳಗೆ 'ಮೀಡಿಯಾ' ಅನ್ನುವ ಫೋಲ್ಡರಿನಲ್ಲಿ ಎಲ್ಲ ಚಿತ್ರಗಳೂ ಸಿಗುತ್ತವೆ. ಆದರೆ ಸೇವ್ ಮಾಡುವಾಗ ವರ್ಡ್ ಚಿತ್ರಗಳ ಗಾತ್ರ ಕುಗ್ಗಿಸಿರಬಹುದು. ಶ್ರೀರಂಗಪಟ್ಟಣದ ಹಳೆಯ ಕೋಟೆಯದೋ, ತಾತನ ಕಾಲದ ದಸರಾ ಮೆರವಣಿಗೆಯದೋ ಅಪರೂಪದ ಫೋಟೋ ಆದರೆ ಮೂಲ ಸ್ಕ್ಯಾನ್ ಕೇಳಿ ಪಡೆಯಿರಿ.

ವರ್ಡ್‌ನಲ್ಲಿ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ 'ಆಲ್ಟ್ ಟೆಕ್ಸ್ಟ್' ಬರೆದರೆ ಅದು ಎಚ್‌ಟಿಎಂಎಲ್‌ಗೂ ಬರುತ್ತದೆ. ಚಿತ್ರದಲ್ಲಿ ಏನಿದೆ ಅಂತ ಒಂದು ವಾಕ್ಯ ಕನ್ನಡದಲ್ಲೇ ಬರೆಯಿರಿ. ವರ್ಡ್ ತಾನಾಗಿ ಇಂಗ್ಲಿಷಿನಲ್ಲಿ ತುಂಬಿದ್ದನ್ನು ಹಾಗೇ ಬಿಡಬೇಡಿ.

## ಕೋಷ್ಟಕಗಳು?

ಮಾಹಿತಿ ಇರುವ ಕೋಷ್ಟಕ ಇರಲಿ, ಜೋಡಣೆಗೆಂದು ಮಾಡಿದ ಕೋಷ್ಟಕ ಹೋಗಲಿ. ಆಹ್ವಾನ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರು ಎಡಕ್ಕೆ, ಅತಿಥಿಗಳ ಹೆಸರು ಬಲಕ್ಕೆ ಬರಲಿ ಅಂತ ಗೆರೆ ಕಾಣದ ಕೋಷ್ಟಕ ಮಾಡಿರುತ್ತಾರೆ. ಅದನ್ನು ಬಿಚ್ಚಿ ಪ್ಯಾರಾ ಮಾಡಿ.

ನಿಜವಾದ ಕೋಷ್ಟಕದಲ್ಲಿ ಮೊದಲ ಸಾಲನ್ನು ತಲೆಸಾಲು ಅಂತ ವರ್ಡ್‌ನಲ್ಲೇ ಗುರುತಿಸಿ. 'ರಿಪೀಟ್ ಹೆಡರ್ ರೋಸ್' ಅನ್ನುವ ಗುಂಡಿ ಅದಕ್ಕೇ. ಕೂಡಿಸಿದ ಕೋಶಗಳನ್ನು ಆದಷ್ಟು ಬಿಡಿಸಿ. ಅಳತೆಯ ಮಾನವನ್ನು ತಲೆಸಾಲಿಗೆ ಸೇರಿಸಿ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟದ ಕೋಷ್ಟಕ ಆದರೆ ತಲೆಸಾಲಿನಲ್ಲಿ 'ಮಟ್ಟ, ಅಡಿಗಳಲ್ಲಿ' ಅಂತ ಒಮ್ಮೆ ಬರೆದರೆ ಕೆಳಗೆ 124.80 ಅಂತ ಅಂಕಿ ಮಾತ್ರ ಸಾಕು. ಮೊಬೈಲಿನ ಕಿರಿದಾದ ಪರದೆಗೆ ಅಷ್ಟು ಜಾಗ ಉಳಿಯಿತು.

## ಅಡಿಟಿಪ್ಪಣಿಗಳು ಉಳಿಯುತ್ತವೆಯೇ?

ವರ್ಡ್‌ನ ಅಡಿಟಿಪ್ಪಣಿ ಸೌಲಭ್ಯ ಬಳಸಿದ್ದರೆ ಉಳಿಯುತ್ತವೆ. ಪುಟದ ಕೊನೆಗೆ ಹೋಗಿ ಸೇರುತ್ತವೆ, ಹೋಗಲು ಬರಲು ಲಿಂಕೂ ಬರುತ್ತದೆ. ಕೈಯಿಂದ ಸಣ್ಣ ಅಂಕಿ ಹಾಕಿ ಕೆಳಗೆ ಟೈಪ್ ಮಾಡಿದ್ದರೆ ಉಳಿಯುವುದಿಲ್ಲ.

## ಫಾಂಟ್ ತೆಗೆದುಹಾಕಿದರೆ ಕನ್ನಡ ಹೇಗೆ ಕಾಣುತ್ತದೆ?

ಯೂನಿಕೋಡ್ ಆಗಿದ್ದರೆ ಚೆನ್ನಾಗೇ ಕಾಣುತ್ತದೆ. ವಿಂಡೋಸ್‌ನಲ್ಲಿ ನಿರ್ಮಲ ಯುಐ ಇದೆ, ಆಂಡ್ರಾಯ್ಡ್‌ನಲ್ಲಿ ನೋಟೋ ಕನ್ನಡ ಇದೆ. ನೀವು ಮಾಡಬೇಕಾದದ್ದು ಸ್ವಲ್ಪವೇ. ಪುಟದ ತಲೆಯಲ್ಲಿ ಯುಟಿಎಫ್-8 ಅಂತ ತಿಳಿಸಿ. ಭಾಷೆ ಕನ್ನಡ ಅಂತ ಲ್ಯಾಂಗ್ ಗುಣದಲ್ಲಿ ಹಾಕಿ, ಅದರ ಸಂಕೇತ 'ಕೆಎನ್'. ಸ್ಕ್ರೀನ್ ರೀಡರ್ ಯಾವ ಧ್ವನಿಯಲ್ಲಿ ಓದಬೇಕು ಅಂತ ತಿಳಿದುಕೊಳ್ಳುವುದು ಅದರಿಂದಲೇ.

ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರ 1.7ರ ಆಸುಪಾಸು ಇಡಿ. ಕನ್ನಡದಲ್ಲಿ ಒತ್ತುಗಳು ಕೆಳಗೆ ಇಳಿಯುತ್ತವೆ, ಗುಣಿತ ಮೇಲೆ ಏರುತ್ತದೆ. ಇಂಗ್ಲಿಷಿಗೆ ಸಾಲುವ ಅಂತರ ನಮಗೆ ಸಾಲದು. ಎರಡೂ ಅಂಚು ಸಮ ಮಾಡಬೇಡಿ, ಉದ್ದ ಪದಗಳಿಂದಾಗಿ ನಡುವೆ ಅಗಲವಾದ ಬಿರುಕು ಬೀಳುತ್ತದೆ. ಓರೆ ಅಕ್ಷರವನ್ನೂ ಬಿಡಿ. ಬಹುತೇಕ ಕನ್ನಡ ಫಾಂಟುಗಳಲ್ಲಿ ಓರೆ ರೂಪವೇ ಇಲ್ಲ, ಬ್ರೌಸರ್ ಅಕ್ಷರವನ್ನು ಬಲವಂತವಾಗಿ ವಾಲಿಸುತ್ತದೆ. ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿದರೆ ಸಾಕು.

## ಇಷ್ಟೆಲ್ಲ ಯಾಕೆ? ಪಿಡಿಎಫ್ ಹಾಕಿದರೆ ಆಗದೇ?

ಮುದ್ರಿಸಿಕೊಳ್ಳುವವರಿಗೆ ಪಿಡಿಎಫ್ ಒಳ್ಳೆಯದು, ಜೊತೆಗೆ ಇರಲಿ. ಆದರೆ ಅದೊಂದೇ ಇದ್ದರೆ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದುವವರು ಪ್ರತಿ ಸಾಲಿಗೂ ಪುಟವನ್ನು ಹಿಗ್ಗಿಸಿ ಸರಿಸಬೇಕು. ಹಳೆಯ ನುಡಿ ಫಾಂಟಿನ ಪಿಡಿಎಫ್ ಆದರೆ ಕನ್ನಡದಲ್ಲಿ ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಂಥ ವೇದಿಕೆಗೆ ಕಷ್ಟಪಟ್ಟು ಬರೆದ ಪ್ರಬಂಧವನ್ನು ಯಾರೂ ಹುಡುಕಲಾಗದ ರೂಪದಲ್ಲಿ ಇಟ್ಟರೆ ಬರೆದವರಿಗೂ ನಷ್ಟ, ಓದಬೇಕಾದವರಿಗೂ ನಷ್ಟ.

## ಎಐಗೆ ಕೊಟ್ಟು ಎಚ್‌ಟಿಎಂಎಲ್ ಮಾಡಿಸಬಹುದೇ?

ಟ್ಯಾಗ್ ಹಾಕುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ನನ್ನ ಚಿಂತೆ ಪಠ್ಯದ ಬಗ್ಗೆ. ಕೇಳದೇ ಇದ್ದರೂ ಅದು ಪದಗಳನ್ನು 'ಸರಿ' ಮಾಡಬಹುದು. ಮಂಡ್ಯದ ಕಥೆಯಲ್ಲಿ 'ಬತ್ತೀನಿ ಕಣ್ಲಾ' ಅಂತ ಇದ್ದದ್ದು 'ಬರುತ್ತೇನೆ ಕಣೋ' ಆದರೆ ಕಥೆಯ ಜೀವವೇ ಹೋಯಿತು. ಹಳಗನ್ನಡದ ಸಾಲುಗಳಿಗೂ ಇದೇ ಅಪಾಯ. ಬಳಸುವುದಾದರೆ ಕೊನೆಗೆ ಟ್ಯಾಗುಗಳನ್ನೆಲ್ಲ ತೆಗೆದು, ಉಳಿದ ಪಠ್ಯವನ್ನು ಮೂಲದ ಜೊತೆ ಹೋಲಿಕೆ ಸಾಫ್ಟ್‌ವೇರ್‌ನಲ್ಲಿ ಸಾಲು ಸಾಲಾಗಿ ಹೋಲಿಸಿ. ವ್ಯತ್ಯಾಸ ಒಂದೂ ಇರಬಾರದು. ಪ್ಯಾಂಡಾಕ್ ಪದಗಳನ್ನು ಮುಟ್ಟುವುದಿಲ್ಲ. ಅದಕ್ಕೇ ಅದನ್ನು ಮೊದಲು ಹೇಳಿದ್ದು.

## ಪುಟದ ವಿಳಾಸ ಕನ್ನಡದಲ್ಲಿ ಇರಬಹುದೇ?

ಇರಬಹುದು. ಆದರೆ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಒಂದೊಂದು ಸಂಕೇತವೂ ಒಂಬತ್ತು ಗುರುತುಗಳಾಗಿ ಹಿಗ್ಗುವುದುಂಟು. 'ಮೈಸೂರು' ಅನ್ನುವುದೇ 54 ಗುರುತಿನ ಸಾಲಾಗುತ್ತದೆ. ನೋಡಿದವರು ಹೆದರಿ ಒತ್ತುವುದಿಲ್ಲ. ವಿಳಾಸ, ಫೈಲಿನ ಹೆಸರು, ಶೀರ್ಷಿಕೆಗಳ ಐಡಿ ಇವಿಷ್ಟನ್ನು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಇಡಿ. ಓದುವ ಶೀರ್ಷಿಕೆ ಕನ್ನಡದಲ್ಲೇ ಇರಲಿ.

## ಎಲ್ಲ ಸರಿ ಇದೆ ಅಂತ ಹೇಗೆ ತಿಳಿಯುವುದು?

ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಪರೀಕ್ಷಕದಲ್ಲಿ ಪುಟ ಹಾಕಿ ನೋಡಿ, ಟ್ಯಾಗಿನ ತಪ್ಪುಗಳನ್ನು ಅದು ತೋರಿಸುತ್ತದೆ. ಮೂಲ ಕೋಡ್ ತೆರೆದು 'ಸ್ಟೈಲ್', 'ಸ್ಪ್ಯಾನ್', 'ಫಾಂಟ್' ಅಂತ ಹುಡುಕಿ. ಸಿಕ್ಕಿದ್ದು ಯಾಕೆ ಇದೆ ಅಂತ ಕಾರಣ ಹೇಳಲು ಆಗದಿದ್ದರೆ ತೆಗೆಯಿರಿ. ದಪ್ಪ ಅಕ್ಷರದ ಒಂದೇ ಪದ ಎರಡು ಮೂರು ಸ್ಟ್ರಾಂಗ್ ಟ್ಯಾಗ್‌ಗಳಾಗಿ ತುಂಡಾಗಿದೆಯೇ ನೋಡಿ, ತಿದ್ದುಪಡಿ ಜಾಸ್ತಿ ಆದ ಫೈಲಿನಲ್ಲಿ ಹಾಗಾಗುತ್ತದೆ. ಅಗ್ಗದ ಮೊಬೈಲೊಂದರಲ್ಲಿ ತೆರೆದು ಮೊದಲಿಂದ ಕೊನೆಯವರೆಗೆ ಓದಿ. ಸಾಧ್ಯವಾದರೆ ಬರೆದವರ ಕೈಯಲ್ಲೇ ಓದಿಸಿ. ಅವರ ಕಣ್ಣಿಗೆ ಬೀಳುವ ತಪ್ಪು ಇನ್ನೊಬ್ಬರಿಗೆ ಬೀಳುವುದಿಲ್ಲ.

## ಆಮೇಲೆ ತಿದ್ದುಪಡಿ ಬಂದರೆ ವರ್ಡ್‌ನಲ್ಲಿ ಮಾಡಬೇಕೋ, ಎಚ್‌ಟಿಎಂಎಲ್‌ನಲ್ಲೋ?

ಮೂಲ ಪ್ರತಿ ಯಾವುದು ಅಂತ ಮೊದಲ ದಿನವೇ ತೀರ್ಮಾನ ಮಾಡಿ ಎಲ್ಲರಿಗೂ ತಿಳಿಸಿ. ಬರೆದವರು ಇನ್ನೂ ಬದಲಿಸುತ್ತಲೇ ಇದ್ದರೆ ವರ್ಡ್ ಮೂಲ ಆಗಿರಲಿ. ಅಲ್ಲೇ ತಿದ್ದಿ, ಮತ್ತೆ ಪ್ಯಾಂಡಾಕ್ ಓಡಿಸಿ. ಸ್ಟೈಲುಗಳು ಸರಿ ಇದ್ದರೆ ಅದು ನಿಮಿಷದ ಕೆಲಸ. ಬರಹ ಅಂತಿಮ ಆದ ಮೇಲೆ ಎಚ್‌ಟಿಎಂಎಲ್ ಮೂಲ ಆಗಲಿ, ಸಣ್ಣ ಕಾಗುಣಿತವನ್ನು ಅಲ್ಲೇ ತಿದ್ದಿ. ಎರಡು ಕಡೆಯೂ ಬೇರೆ ಬೇರೆಯಾಗಿ ತಿದ್ದುವುದು ಮಾತ್ರ ಬೇಡ. ವರ್ಡ್ ಫೈಲಿನ ಹೆಸರಿನಲ್ಲೇ ದಿನಾಂಕ ಸೇರಿಸಿ, ವೆಬ್‌ಗೆ ಹೋದ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಡಿ.